ಒಳಗುಳಿದ ಶಲ್ಯ: ಯೋಧರ ದುಃಸ್ವಪ್ನ ಮತ್ತು ಚಿಕ್ಕೋಡಿ ಸೀಮೆಯ ಮೌನ

ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನಲ್ಲಿ, ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ಬಯಲಿನಲ್ಲಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಹರಡಿಕೊಂಡಿವೆ. ಕಬ್ಬು, ತಂಬಾಕು ಮತ್ತು ಜೋಳ ಬೆಳೆಯುವ ಈ ಸೀಮೆಗೆ ಕನ್ನಡ, ಮರಾಠಿಗಳೆರಡೂ ಮನೆಮಾತುಗಳು. ಆಡಳಿತದಲ್ಲಿಯೂ ಇದು ಒಂದೇ ಕೈಯಲ್ಲಿ ಇದ್ದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ನಿಪ್ಪಾಣಿಯಲ್ಲಿ ಅದಕ್ಕೂ ಮೊದಲು ಪೇಶ್ವೆಯ ಸರಲಷ್ಕರನೆನಿಸಿದ್ದ ದೇಸಾಯಿಯ ಆಳ್ವಿಕೆ ನಡೆದಿತ್ತು. ಸದಲಗಾ ಗ್ರಾಮದ ಆ. ನೇ. ಉಪಾಧ್ಯೆಯವರಂಥ ಪ್ರಾಕೃತ ವಿದ್ವಾಂಸರು ಹುಟ್ಟಿದ ನೆಲವೆಂದು ವಿದ್ವತ್ ಲೋಕ ಈ ಭಾಗವನ್ನು ಬಲ್ಲದು. ಆದರೆ ಇದು ಸೈನಿಕರ ನೆಲವೂ ಹೌದು. ಕುದುರೆ ಲಾಯಗಳ ಕಾಲದಿಂದ ಹಿಡಿದು ಬೆಳಗಾವಿಯ ರೆಜಿಮೆಂಟ್ ಕೇಂದ್ರದ ಕಾಲದವರೆಗೆ ಇಲ್ಲಿಯ ಒಕ್ಕಲುಮನೆಗಳ ಹುಡುಗರು ಪಡೆಗೆ ಸೇರುತ್ತ ಬಂದಿದ್ದಾರೆ, ಅವರಲ್ಲಿ ಬಹಳ ಜನ ಮರಳಿಯೂ ಬಂದಿದ್ದಾರೆ.

ಮರಳಿ ಬಂದವರ ಚರಿತ್ರೆಯನ್ನು ಬರೆಯಲು ಹೊರಟವನಿಗೆ ಎದುರಾಗುವ ಮೊದಲ ತೊಡಕು ಆಕರಗಳದು. ಕರ್ನಾಟಕದಲ್ಲಿ ಯುದ್ಧದ ಸ್ಮರಣೆಗೆ ಕೊರತೆಯಿಲ್ಲ. ಊರ ಹೊರಗೆ, ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ಸಾವಿರಾರು ವೀರಗಲ್ಲುಗಳು ನಿಂತಿವೆ. ಕೆಳಗಿನ ಹಂತದಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡೊಯ್ಯುವ ದೃಶ್ಯ, ಮೇಲೆ ಅವನು ತನ್ನ ಇಷ್ಟದೈವದ ಸನ್ನಿಧಿಯಲ್ಲಿ ಕುಳಿತಿರುವ ಚಿತ್ರ: ಈ ವಿನ್ಯಾಸ ಎಲ್ಲರಿಗೂ ಪರಿಚಿತವಾದದ್ದು. ತುರುಗಳನ್ನು ಮರಳಿಸಲು ಹೋಗಿ ಸತ್ತವನಿಗೆ ಕಲ್ಲುಂಟು, ಊರಳಿವಿನಲ್ಲಿ ಬಿದ್ದವನಿಗೆ ಕಲ್ಲುಂಟು, ಒಡೆಯನೊಡನೆ ಪ್ರಾಣ ಬಿಟ್ಟ ವೇಳೆವಾಳಿಗೂ ಕಲ್ಲುಂಟು. ಅದೇ ಕಾಳಗದಲ್ಲಿ ಪಕ್ಕದಲ್ಲಿಯೇ ನಿಂತು ಕಾದಿ, ಗೆಳೆಯನ ತಲೆ ಉರುಳಿದ್ದನ್ನು ಕಂಡು, ಬದುಕಿ ಮನೆಗೆ ಬಂದವನಿಗೆ ಕಲ್ಲಿಲ್ಲ. ಅವನು ಆ ಬಳಿಕ ರಾತ್ರಿ ಹೇಗೆ ಮಲಗಿದನೆಂಬುದನ್ನು ಯಾವ ಲಿಪಿಕಾರನೂ ಕೊರೆಯಲಿಲ್ಲ.

ಈ ಮೌನಕ್ಕೆ ಕಾರಣವೇನು? ಯುದ್ಧದಿಂದ ಮರಳಿದವರನ್ನು ಕೆಟ್ಟ ಕನಸುಗಳು ಕಾಡುತ್ತವೆಂಬುದು ಹೊಸ ವೈದ್ಯಶಾಸ್ತ್ರ ಕಂಡುಹಿಡಿದ ಸಂಗತಿಯೇನಲ್ಲ. ಹಳೆಯ ಕಾವ್ಯಗಳು ಅದನ್ನು ಅರಿತಿದ್ದವು. ಹಾಗಿದ್ದೂ ಅದು ಮನೆಯ ಮಾತಾಗಲಿಲ್ಲ. ಇದನ್ನು ತಿಳಿಯಲು ಈ ನಾಡಿನಲ್ಲಿ ಕನಸನ್ನು ಹೇಗೆ ಓದುತ್ತ ಬಂದರೆಂಬುದನ್ನು ಮೊದಲು ನೋಡಬೇಕಾಗುತ್ತದೆ.

ಫಲವುಳ್ಳ ಕನಸು, ಫಲವಿಲ್ಲದ ಕನಸು

ಕನ್ನಡದಲ್ಲಿ ಕನಸು 'ಬೀಳುತ್ತದೆ'. ಕನಸು ಕಾಣುವುದೂ ಉಂಟು. ಆದರೆ ಆಡುಮಾತಿನಲ್ಲಿ, ಅದರಲ್ಲಿಯೂ ಕೆಟ್ಟ ಕನಸಿನ ವಿಷಯದಲ್ಲಿ, 'ಕನಸು ಬಿತ್ತು' ಎಂಬುದೇ ರೂಢಿ. ಮಳೆ ಬೀಳುವಂತೆ, ಸಿಡಿಲು ಬೀಳುವಂತೆ ಅದು ಮನುಷ್ಯನ ಇಚ್ಛೆಯನ್ನು ಕೇಳದೆ ಮೇಲಿನಿಂದ ಎರಗುತ್ತದೆ. ಬಿದ್ದ ಕನಸನ್ನು ಹೇಳಿದೊಡನೆ ಕೇಳುವವರು ಇಡುವ ಮೊದಲ ಪ್ರಶ್ನೆ: ಇದರ ಫಲವೇನು?

ಈ ಪ್ರಶ್ನೆಯ ಹಿಂದೆ ದೀರ್ಘವಾದ ಸಾಹಿತ್ಯ ಪರಂಪರೆಯಿದೆ. ತೀರ್ಥಂಕರನ ತಾಯಿ ಕಾಣುವ ಹದಿನಾರು ಕನಸುಗಳನ್ನು ವರ್ಣಿಸದ ಜಿನಪುರಾಣವಿಲ್ಲ. ಬೆಳಗಾದ ಮೇಲೆ ಆಕೆ ಪತಿಗೆ ಅವುಗಳನ್ನು ನಿವೇದಿಸುತ್ತಾಳೆ, ಆತ ಒಂದೊಂದಕ್ಕೂ ಫಲ ಹೇಳುತ್ತಾನೆ. ಜಿನಸೇನಾಚಾರ್ಯರ ಮಹಾಪುರಾಣದಲ್ಲಿ ಭರತ ಚಕ್ರವರ್ತಿಯೂ ಹದಿನಾರು ಕನಸುಗಳನ್ನು ಕಾಣುತ್ತಾನೆ, ಅವು ಅಶುಭಸೂಚಕಗಳು. ಆತ ಕಳವಳಗೊಂಡು ವೃಷಭನಾಥನ ಸಮವಸರಣಕ್ಕೆ ಹೋಗಿ ಕೇಳಿದಾಗ, ಮುಂದಿನ ಕಾಲದಲ್ಲಿ ಧರ್ಮಕ್ಕೆ ಒದಗುವ ಇಳಿಗಾಲವನ್ನು ಅವು ಸೂಚಿಸುತ್ತವೆಂಬ ಉತ್ತರ ದೊರೆಯುತ್ತದೆ. ಭದ್ರಬಾಹು ಮುನಿಗಳ ಕಥೆಯಲ್ಲಿ ಚಂದ್ರಗುಪ್ತನಿಗೆ ಬೀಳುವ ಹದಿನಾರು ಕನಸುಗಳೂ ಬರಲಿರುವ ಕಾಲದ ಕುರಿತಾದವುಗಳೇ. ಈ ಎಲ್ಲ ಕನಸುಗಳ ಮುಖ ಭವಿಷ್ಯದತ್ತ ತಿರುಗಿದೆ, ಅವು ಇನ್ನೂ ಆಗದಿರುವುದನ್ನು ಹೇಳುತ್ತವೆ. ಆದುದರಿಂದಲೇ ಅವುಗಳಿಗೆ ವ್ಯಾಖ್ಯಾನಕಾರರು ಬೇಕಾದರು, ಗ್ರಂಥಗಳು ಬೇಕಾದವು.

ವೈದ್ಯಗ್ರಂಥಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಲಾಗಿದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು ಮತ್ತು ದೋಷಗಳ ವಿಕಾರದಿಂದ ಹುಟ್ಟಿದ್ದು. ಇವುಗಳಲ್ಲಿ ಮೊದಲ ಐದು ಬಗೆಯ ಕನಸುಗಳಿಗೆ ಫಲವಿಲ್ಲವೆಂದು ವೈದ್ಯನು ತಿಳಿಯಬೇಕೆಂಬುದು ಅಲ್ಲಿಯ ನಿರ್ಣಯ. ರೋಗಿಯ ಸಾವು ಬದುಕುಗಳನ್ನು ಮುಂದಾಗಿ ತಿಳಿಯಲು ಹೊರಟ ಪ್ರಕರಣದಲ್ಲಿ ಈ ನಿರ್ಣಯ ಸಹಜವಾದದ್ದೇ. ಆದರೆ ಅದರ ಪರಿಣಾಮವನ್ನು ಗಮನಿಸಬೇಕು. ಯೋಧನಿಗೆ ಬೀಳುವ ಕನಸು ಯಾವ ಬಗೆಯದು? ಅವನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಮೈಯಾರೆ ಅನುಭವಿಸಿದ್ದು. ಅಂದರೆ ಅದು ಫಲವಿಲ್ಲದ ಕನಸುಗಳ ಸಾಲಿನಲ್ಲಿಯೇ ಬಂದು ನಿಲ್ಲುತ್ತದೆ. ಮುಂದಿನದನ್ನು ಹೇಳದ ಕನಸಿಗೆ ಜೋಯಿಸನಲ್ಲಿ ಉತ್ತರವಿಲ್ಲ, ಮನೆಯವರಲ್ಲಿ ಕುತೂಹಲವಿಲ್ಲ. ಫಲವಿಲ್ಲದ್ದನ್ನು ಹೇಳಿ ಪ್ರಯೋಜನವೇನೆಂದು ಕಂಡವನೂ ಸುಮ್ಮನಾಗುತ್ತಾನೆ.

ಕಾವ್ಯಗಳು ಕಂಡ ಯುದ್ಧದ ಇರುಳು

ಶಾಸ್ತ್ರಗಳು ಬದಿಗಿಟ್ಟದ್ದನ್ನು ಕಾವ್ಯಗಳು ಬಿಟ್ಟುಬಿಡಲಿಲ್ಲ. ವ್ಯಾಸಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನು ಇರುಳಿನಲ್ಲಿ ಪಾಂಡವರ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಲ್ಲುವ ಪ್ರಸಂಗವಿದೆ. ಆಗ ಸಾಯುವ ಯೋಧರಿಗೆ ಪಾಶ ಹಿಡಿದು ತಮ್ಮನ್ನು ಎಳೆದೊಯ್ಯುವ ಕಾಳರಾತ್ರಿಯ ರೂಪ ಕಾಣಿಸುತ್ತದೆ. ಆ ರೂಪ ಅವರಿಗೆ ಹೊಸದಲ್ಲ. ಯುದ್ಧ ಆರಂಭವಾದಂದಿನಿಂದಲೂ ಹಿಂದಿನ ಇರುಳುಗಳಲ್ಲಿ ಅವರು ಅದನ್ನೇ ಕನಸಿನಲ್ಲಿ ಕಾಣುತ್ತಿದ್ದರೆಂದು ಕವಿ ಹೇಳುತ್ತಾನೆ. ಹಗಲು ಕಾದಿ ಇರುಳು ಬೆಚ್ಚುವ ಪಾಳೆಯವೊಂದರ ಚಿತ್ರ ಅದು. ಶಾಂತಿಪರ್ವದ ಆರಂಭದಲ್ಲಿಯಂತೂ ಗೆದ್ದ ಯುಧಿಷ್ಠಿರನೇ ಕುಸಿದು ಕುಳಿತಿದ್ದಾನೆ. ಕರ್ಣನು ತನ್ನ ಅಣ್ಣನೆಂದು ತಿಳಿದ ಬಳಿಕ ರಾಜ್ಯ ಬೇಡ, ಅನ್ನ ಬೇಡ, ಕಾಡಿಗೆ ಹೋಗುತ್ತೇನೆಂದು ಹಟ ಹಿಡಿಯುತ್ತಾನೆ. ತಮ್ಮಂದಿರು, ದ್ರೌಪದಿ, ಮುನಿಗಳು ಒಬ್ಬರಾದ ಮೇಲೊಬ್ಬರು ಸಮಾಧಾನ ಹೇಳಿದರೂ ಅವನ ಖಿನ್ನತೆ ಇಳಿಯುವುದಿಲ್ಲ. ಗೆಲುವು ಖಿನ್ನತೆಗೆ ಮದ್ದಲ್ಲವೆಂಬುದನ್ನು ಭಾರತ ಇಷ್ಟು ಸ್ಪಷ್ಟವಾಗಿ ಬಲ್ಲದು.

ಕನ್ನಡದಲ್ಲಿ ಈ ಅನುಭವವನ್ನು ಅತ್ಯಂತ ಹತ್ತಿರದಿಂದ ಕಂಡವನು ರನ್ನ. ಕೃಷ್ಣೆಯ ಉಪನದಿಯಾದ ಘಟಪ್ರಭೆಯ ಸೀಮೆಯ ಮುದುವೊಳಲು, ಇಂದಿನ ಮುಧೋಳ, ಅವನ ಊರು. ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ರಣರಂಗದ ನಡುವೆ ನಡೆದುಹೋಗುತ್ತಾನೆ. ದಾರಿಯಲ್ಲಿ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರ ಹೆಣವೂ ಎದುರಾಗುತ್ತದೆ. ಪ್ರತಿಯೊಂದರ ಮುಂದೆಯೂ ಅವನು ನಿಲ್ಲುತ್ತಾನೆ, ಹೆಸರು ಹಿಡಿದು ಮಾತನಾಡಿಸುತ್ತಾನೆ, ಅಳುತ್ತಾನೆ. ಆ ನಡಿಗೆಯನ್ನು ವಿಮರ್ಶಕರು ದುರ್ಯೋಧನನ ವ್ಯಕ್ತಿತ್ವದ ಔನ್ನತ್ಯಕ್ಕೆ ಸಾಕ್ಷಿಯೆಂದು ಓದುತ್ತ ಬಂದಿದ್ದಾರೆ. ಅದನ್ನು ಇನ್ನೊಂದು ಬಗೆಯಿಂದಲೂ ಓದಬಹುದು. ಬದುಕಿ ಉಳಿದವನು ಸತ್ತವರ ನಡುವೆ ಮತ್ತೆ ಮತ್ತೆ ನಡೆಯುವುದೇ ಯೋಧನ ದುಃಸ್ವಪ್ನದ ಮೂಲರೂಪ. ರನ್ನನು ಅದನ್ನು ಎಚ್ಚರದಲ್ಲಿ, ಹಾಡುಹಗಲಿನಲ್ಲಿ, ಜೊತೆಗೊಬ್ಬ ಕೇಳುಗನನ್ನಿಟ್ಟು ನಡೆಸಿದ್ದಾನೆ. ಸಂಜಯ ಪಕ್ಕದಲ್ಲಿರುವುದರಿಂದಲೇ ದುರ್ಯೋಧನನ ದುಃಖಕ್ಕೆ ಮಾತು ದೊರೆತಿದೆ.

ಕೂಟ್‌ನ ಮುತ್ತಿಗೆಯಿಂದ ದೇವಳಾಲಿಯವರೆಗೆ

ಆಧುನಿಕ ಕಾಲದ ಯುದ್ಧಗಳಲ್ಲಿ ಈ ಸೀಮೆಯ ನೆರೆಹೊರೆಯ ಸೈನಿಕರು ಪಾಲ್ಗೊಂಡ ಮಹಾದುರಂತ ಮೆಸೊಪೊಟೇಮಿಯಾದ ಕೂಟ್ ಅಲ್ ಅಮಾರಾ ಮುತ್ತಿಗೆ. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಟೈಗ್ರಿಸ್ ನದಿಯ ತಿರುವಿನ ಆ ಪಟ್ಟಣದಲ್ಲಿ ಸಿಕ್ಕಿಬಿದ್ದ ಪಡೆಯಲ್ಲಿ 103, 110 ಮತ್ತು 117ನೆಯ ಮರಾಠಾ ದಳಗಳಿದ್ದವು. ದಖನ್ ಹಾಗೂ ಕೊಂಕಣದ ಹಳ್ಳಿಗಳಿಂದ ಸೈನಿಕರನ್ನು ಪಡೆಯುತ್ತಿದ್ದ ಈ ದಳಗಳೇ 1922ರ ಪುನರ್‌ರಚನೆಯಲ್ಲಿ ಒಂದೇ ರೆಜಿಮೆಂಟಾಗಿ ಕೂಡಿದವು. ಅದರ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ನೆಲೆಗೊಂಡಿತು. ಇಂದಿನ ಮರಾಠಾ ಲೈಟ್ ಇನ್‌ಫೆಂಟ್ರಿಯ ಚರಿತ್ರೆಯಲ್ಲಿ ಕೂಟ್ ಹೀಗೆ ಬೆಳಗಾವಿಯ ನೆನಪೂ ಆಗಿದೆ.

ಕೂಟ್‌ನಲ್ಲಿ ಗುಂಡಿಗಿಂತ ಹಸಿವು ಹೆಚ್ಚು ಕಾಡಿತು. ಧಾನ್ಯ ಮುಗಿಯುತ್ತ ಬಂದಾಗ ಪಡೆಯ ಕುದುರೆಗಳನ್ನು ಕೊಂದು ತಿನ್ನುವುದೊಂದೇ ದಾರಿಯಾಯಿತು. ಭಾರತೀಯ ಸೈನಿಕರಲ್ಲಿ ಬಹುಪಾಲು ಜನ ಬಹಳ ದಿನ ಅದನ್ನು ಮುಟ್ಟಲಿಲ್ಲ. ಭಾರತದ ಧರ್ಮಗುರುಗಳಿಂದ ಅನುಮತಿ ತರಿಸಿ ತಿಳಿಸಿದರೂ ಹಿಂಜರಿಕೆ ಹೋಗಲಿಲ್ಲ. ಊರಿಗೆ ಮರಳಿದ ಮೇಲೆ ಜಾತಿಯವರು ಏನೆಂದಾರು, ಮಕ್ಕಳಿಗೆ ಸಂಬಂಧ ಕೂಡಿಬರುವುದೆಂತು ಎಂಬ ಅಂಜಿಕೆ ಹಸಿವಿಗಿಂತ ದೊಡ್ಡದಾಗಿತ್ತು. ಕೊನೆಗೆ ಏಪ್ರಿಲ್ ತಿಂಗಳಲ್ಲಿ ಅನೇಕರು ತಿಂದರು. ಶರಣಾದ ಸುಮಾರು 13,000 ಜನರಲ್ಲಿ ಸಾಮಾನ್ಯ ಸಿಪಾಯಿಗಳನ್ನು ಮರುಭೂಮಿಯ ಮೂಲಕ ನಡೆಸಿಕೊಂಡು ಹೋಗಲಾಯಿತು. ಭಾರತೀಯರಲ್ಲಿ ಬಹಳ ಮಂದಿ ರಾಸ್ ಅಲ್ ಐನ್‌ನ ರೈಲುದಾರಿಯ ಕೆಲಸದಲ್ಲಿ ಸವೆದರು. ಸಾವಿರಾರು ಜನ ಮರಳಲಿಲ್ಲ. ಮರಳಿದವರು ಶತ್ರುವಿನ ಭಯದ ಜೊತೆಗೆ ತಾವೇ ಮಾಡಿದ ಕೃತ್ಯದ ಭಾರವನ್ನೂ ಹೊತ್ತು ಬಂದರು. ಇಂಥ ಭಾರವನ್ನು ಇಂದಿನ ಮನೋವೈದ್ಯರು ಭಯದ ಆಘಾತದಿಂದ ಬೇರ್ಪಡಿಸಿ 'ನೈತಿಕ ಗಾಯ'ವೆಂದು ಕರೆಯುತ್ತಾರೆ. ಭಯದ ಗಾಯ ಹೆಚ್ಚಾಗಿ ಬೆಚ್ಚುವಿಕೆಯಾಗಿ ತೋರಿದರೆ, ನೈತಿಕ ಗಾಯ ನಾಚಿಕೆಯಾಗಿ, ಖಿನ್ನತೆಯಾಗಿ ಒಳಗೆ ಇಳಿಯುತ್ತದೆ.

ಅದೇ ಕಾಲದಲ್ಲಿ ಯುರೋಪಿನ ವೈದ್ಯರು ಹೊಸದೊಂದು ರೋಗಕ್ಕೆ ಹೆಸರು ಹುಡುಕುತ್ತಿದ್ದರು. 1915ರ ಫೆಬ್ರುವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 'ಶೆಲ್ ಶಾಕ್' ಎಂಬ ಪದವನ್ನು ವೈದ್ಯಪತ್ರಿಕೆಯಲ್ಲಿ ಬಳಸಿದನು. ಆದರೆ ಭಾರತೀಯ ಸಿಪಾಯಿಯ ನಡುಕಕ್ಕೆ ಆ ಹೆಸರು ಸುಲಭವಾಗಿ ದೊರೆಯಲಿಲ್ಲ. ಅವನ ಕೈಗೆ ಗಾಯವಾದರೆ ತಾನೇ ಮಾಡಿಕೊಂಡದ್ದಿರಬಹುದೆಂಬ ಶಂಕೆಯೇ ಮುಂದಾಯಿತು. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಭಾರತೀಯ ಗಾಯಾಳುಗಳ ಆಸ್ಪತ್ರೆಯನ್ನು ನೋಡಿಕೊಳ್ಳುತ್ತಿದ್ದ ಬ್ರೂಸ್ ಸೀಟನ್ ಎಂಬ ಅಧಿಕಾರಿ ಸಾವಿರ ಗಾಯಗಳನ್ನು ಪರಿಶೀಲಿಸಿ, ಸ್ವತಃ ಗಾಯ ಮಾಡಿಕೊಳ್ಳುವ ಚಾಳಿ ವ್ಯಾಪಕವಾಗಿದೆಯೆಂಬ ಮಾತಿಗೆ ಆಧಾರವಿಲ್ಲವೆಂದು ವರದಿ ಕೊಡಬೇಕಾಯಿತು. ಕಣ್ಣಿಗೆ ಕಾಣುವ ಗಾಯವನ್ನೇ ಹೀಗೆ ಶಂಕಿಸಿದ ವ್ಯವಸ್ಥೆ ಕಾಣದ ಗಾಯವನ್ನು ನಂಬುವುದು ದೂರದ ಮಾತು.

ಹುಚ್ಚಿಗೆ ಇಂಗ್ಲಿಷ್ ಸೈನಿಕರ ಆಡುಮಾತಿನಲ್ಲಿ ದೊರೆತ ಒಂದು ಹೆಸರಿನ ಮೂಲ ಇದೇ ಮುಂಬಯಿ ಪ್ರಾಂತದಲ್ಲಿದೆ. ನಾಸಿಕದ ಬಳಿಯ ದೇವಳಾಲಿ ಛಾವಣಿಯಲ್ಲಿ ಸೇವಾವಧಿ ಮುಗಿಸಿದ ಬ್ರಿಟಿಷ್ ಸೈನಿಕರು ಸ್ವದೇಶದ ಹಡಗಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಮಾಡಲು ಕೆಲಸವಿಲ್ಲದೆ, ಮನೆ ಸೇರಲಾಗದೆ ಅಲ್ಲಿ ಅವರ ಮನಸ್ಸು ಕೆಡುತ್ತಿತ್ತು. ಆ ಸ್ಥಿತಿಗೆ ಅವರು 'ಡೂಲಾಲಿ ಟ್ಯಾಪ್' ಎಂದು ಹೆಸರಿಟ್ಟರು. ಡೂಲಾಲಿಯೆಂದರೆ ದೇವಳಾಲಿ, ಟ್ಯಾಪ್ ಎಂದರೆ ಜ್ವರದ ತಾಪ. ಮನಸ್ಸು ಕುಸಿಯುವುದು ಕಾಳಗದ ಕ್ಷಣದಲ್ಲಿ ಮಾತ್ರವಲ್ಲ, ಕಾಳಗ ಮುಗಿದು ಮನೆಗೆ ಮರಳುವ ನಡುಗಾಲದಲ್ಲಿಯೂ ಎಂಬ ತಿಳಿವಳಿಕೆ ಈ ಗೇಲಿಯ ಮಾತಿನಲ್ಲಿ ಅಡಗಿದೆ.

ಕನಸು ಬದಲಾದ ಬಗೆ

ಯುದ್ಧದ ಕನಸುಗಳನ್ನು ಗಂಭೀರವಾಗಿ ಕೇಳಿಸಿಕೊಂಡ ಮೊದಲಿಗರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಪ್ರಮುಖನು. ದಕ್ಷಿಣ ಭಾರತದ ವಿದ್ಯಾರ್ಥಿಗಳಿಗೆ ಈತ ಬೇರೊಂದು ಕಾರಣದಿಂದ ಪರಿಚಿತ. ನೀಲಗಿರಿಯ ತೋಡರ ನಡುವೆ ಇದ್ದು ಅವರ ಬಾಳ್ವೆಯನ್ನು ಕುರಿತು 1906ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಮಾನವಶಾಸ್ತ್ರಜ್ಞ ಈತನೇ. ಮಹಾಯುದ್ಧದ ಕಾಲದಲ್ಲಿ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಅಧಿಕಾರಿಗಳಿಗೆ ಚಿಕಿತ್ಸೆ ನೀಡುತ್ತಿದ್ದಾಗ, 'ಮರೆತುಬಿಡು' ಎಂಬ ಎಲ್ಲರ ಹಿತವಚನವೇ ರೋಗವನ್ನು ಬಲಿಸುತ್ತಿದೆಯೆಂದು ಆತ ಕಂಡನು. ಹಗಲೆಲ್ಲ ನೆನಪನ್ನು ಅದುಮಿಟ್ಟವನಿಗೆ ಅದು ಇರುಳಿನಲ್ಲಿ ಇಮ್ಮಡಿಯಾಗಿ ಮರಳುತ್ತಿತ್ತು.

ರಿವರ್ಸ್ ದಾಖಲಿಸಿದ ಒಂದು ಪ್ರಕರಣ ಇಲ್ಲಿ ಉಲ್ಲೇಖನೀಯ. ಒಬ್ಬ ಅಧಿಕಾರಿಗೆ ಸ್ಫೋಟದಲ್ಲಿ ಛಿದ್ರವಾದ ಗೆಳೆಯನ ದೇಹ ಪ್ರತಿ ರಾತ್ರಿ ಕನಸಿನಲ್ಲಿ ಕಾಣುತ್ತಿತ್ತು. ಅವನು ಬೆವೆತು ಎಚ್ಚರಗೊಳ್ಳುತ್ತಿದ್ದನು. ದೇಹ ಅಷ್ಟು ಛಿದ್ರವಾಗಿದ್ದರೆ ಗೆಳೆಯ ನರಳದೆ ಆ ಕ್ಷಣವೇ ಸತ್ತನೆಂದು ಅರ್ಥವಲ್ಲವೇ ಎಂದು ರಿವರ್ಸ್ ತೋರಿಸಿಕೊಟ್ಟನು. ಕೆಲವು ದಿನಗಳ ಬಳಿಕ ಕನಸು ಮತ್ತೆ ಬಿತ್ತು. ಗೆಳೆಯನ ದೇಹ ಹಾಗೆಯೇ ಬಿದ್ದಿತ್ತು. ಆದರೆ ಈ ಸಲ ಅವನು ಅದರ ಪಕ್ಕದಲ್ಲಿ ಮೊಳಕಾಲೂರಿ, ಮನೆಯವರಿಗೆ ತಲುಪಿಸಬೇಕಾದ ವಸ್ತುಗಳನ್ನು ಎತ್ತಿಕೊಂಡನು. ಎಚ್ಚರವಾದಾಗ ಭೀತಿಯಿರಲಿಲ್ಲ, ದುಃಖವಿತ್ತು. ಕನಸು ಹೋಗಲಿಲ್ಲ, ಅದರೊಳಗಿನ ರಸ ಬದಲಾಯಿತು. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಭಯಾನಕವು ಕರುಣಕ್ಕೆ ಎಡೆಮಾಡಿಕೊಟ್ಟಿತು. ರನ್ನನ ದುರ್ಯೋಧನ ಹೆಣಗಳ ನಡುವೆ ಮಾಡಿದ್ದೂ ಇದನ್ನೇ. ಎಲ್ಲರಿಗೂ ಹೀಗಾಗುವುದಿಲ್ಲವೆಂಬುದನ್ನೂ ರಿವರ್ಸ್ ಮರೆಮಾಚಲಿಲ್ಲ. ಯಾವ ಸಮಾಧಾನಕ್ಕೂ ಎಡೆಯಿಲ್ಲದ ಭೀಕರ ಅನುಭವವುಳ್ಳ ಇನ್ನೊಬ್ಬನಿಗೆ ತನ್ನ ಉಪಾಯ ಫಲಿಸಲಿಲ್ಲವೆಂದು ಬರೆದಿದ್ದಾನೆ.

ಇಂಥ ಕನಸುಗಳು ಫ್ರಾಯ್ಡನ ಸಿದ್ಧಾಂತವನ್ನೂ ಅಲುಗಿಸಿದವು. ಕನಸೆಂದರೆ ಬಯಕೆಯ ಪೂರೈಕೆ ಎಂದಿದ್ದ ಆತ, ಅಪಾಯದ ಗಳಿಗೆಗೆ ಪದೇ ಪದೇ ಮರಳುವ ಯೋಧರ ಕನಸುಗಳು ಆ ನಿಯಮಕ್ಕೆ ಒಳಪಡವೆಂದು 1920ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಆದರೂ ಆಘಾತೋತ್ತರ ಒತ್ತಡದ ಕಾಯಿಲೆಗೆ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯಲ್ಲಿ ಸ್ಥಾನ ದೊರೆತದ್ದು ವಿಯೆಟ್ನಾಂ ಯುದ್ಧದ ಬಳಿಕ, 1980ರಲ್ಲಿ.

ಆಘಾತ, ಖಿನ್ನತೆ, ಕನಸು

ಈ ಮೂರರ ಸಂಬಂಧವನ್ನು ಕುರಿತು ನಂತರದ ಸಂಶೋಧನೆಗಳು ಹೇಳುವುದೇನು? ವಿಯೆಟ್ನಾಂನಿಂದ ಮರಳಿದ ಪುರುಷ ಸೈನಿಕರನ್ನು ಕುರಿತ ರಾಷ್ಟ್ರೀಯ ಅಧ್ಯಯನದಲ್ಲಿ, ಯುದ್ಧ ಮುಗಿದು ಒಂದು ದಶಕ ಕಳೆದ ಮೇಲೂ ಶೇ. 15ರಷ್ಟು ಜನರಲ್ಲಿ ಆಘಾತೋತ್ತರ ಕಾಯಿಲೆ ಇತ್ತು. ಜೀವಮಾನದಲ್ಲಿ ಎಂದಾದರೂ ಅದಕ್ಕೆ ಗುರಿಯಾದವರು ಸುಮಾರು ಶೇ. 31. ಅಂದರೆ ಬಹುಪಾಲು ಸೈನಿಕರು ಈ ಕಾಯಿಲೆಗೆ ಬೀಳುವುದಿಲ್ಲ. ಮಾಜಿ ಸೈನಿಕನೆಂದೊಡನೆ ರೋಗಿಯೆಂದು ಬಗೆಯುವುದು ಅನ್ಯಾಯ. ಆದರೆ ಕಾಯಿಲೆಯಿದ್ದವರಲ್ಲಿ ಸುಮಾರು ಶೇ. 52ರಷ್ಟು ಮಂದಿಗೆ ದುಃಸ್ವಪ್ನಗಳು ಮತ್ತೆ ಮತ್ತೆ ಬೀಳುತ್ತಿದ್ದವು. ಸೇನೆಯಲ್ಲಿರದ ನಾಗರಿಕರಲ್ಲಿ ಆ ಪ್ರಮಾಣ ಶೇ. 3 ಮಾತ್ರ. ಇನ್ನು ಖಿನ್ನತೆಯ ವಿಷಯ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಆಘಾತೋತ್ತರ ಕಾಯಿಲೆಯುಳ್ಳವರಲ್ಲಿ ಅರ್ಧದಷ್ಟು ಜನ ತೀವ್ರ ಖಿನ್ನತೆಯನ್ನೂ ಹೊತ್ತಿರುತ್ತಾರೆ.

ಇವು ಒಂದಕ್ಕೊಂದು ಹೆಣೆದುಕೊಳ್ಳುವ ಬಗೆ ಹೀಗೆ. ಸಾಮಾನ್ಯವಾಗಿ ಕನಸಿನ ನಿದ್ರೆಯಲ್ಲಿ ದಿನದ ಅನುಭವ ಹಳೆಯ ನೆನಪುಗಳೊಡನೆ ಬೆರೆತು ಅದರ ಉರಿ ತಗ್ಗುತ್ತದೆಯೆಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಆಘಾತದ ಕನಸು ಅಷ್ಟರವರೆಗೆ ಸಾಗುವುದಿಲ್ಲ. ಭೀತಿ ಶಿಖರಕ್ಕೇರಿದೊಡನೆ ಮಲಗಿದವನನ್ನು ಎಬ್ಬಿಸಿಬಿಡುತ್ತದೆ. ನೆನಪು ಅರೆಬೆಂದ ಅನ್ನದಂತೆ ಹಾಗೆಯೇ ಉಳಿಯುತ್ತದೆ, ಮರುದಿನ ಮತ್ತೆ ಒಲೆಯ ಮೇಲೆ ಬರುತ್ತದೆ. ಕ್ರಮೇಣ ಅವನು ನಿದ್ರೆಗೇ ಅಂಜುತ್ತಾನೆ. ಕೆಲವರು ಮದ್ಯದ ಆಸರೆ ಹಿಡಿಯುತ್ತಾರೆ. ಮದ್ಯ ಮೊದಲ ಜಾವದಲ್ಲಿ ಕನಸುಗಳನ್ನು ತಡೆದು ಕೊನೆಯ ಜಾವದಲ್ಲಿ ಅವನ್ನೇ ಹೆಚ್ಚು ಬಲದಿಂದ ಮರಳಿಸುತ್ತದೆ. ನಿದ್ರೆಗೆಟ್ಟ ದೇಹದಲ್ಲಿ ಖಿನ್ನತೆ ಬೇರೂರುತ್ತದೆ. ಖಿನ್ನತೆ ಬೆಳಗಿನ ಜಾವದ ಎಚ್ಚರವನ್ನೂ, ನಾನೇಕೆ ಉಳಿದೆನೆಂಬ ಆತ್ಮನಿಂದೆಯನ್ನೂ ತರುತ್ತದೆ. ಆ ನಿಂದೆ ಮತ್ತೆ ಕನಸಿಗೆ ಇಂಧನವಾಗುತ್ತದೆ. ಹೀಗೆ ಆಘಾತ, ಕನಸು, ಖಿನ್ನತೆಗಳು ಗಾಣದೆತ್ತಿನಂತೆ ಸುತ್ತುತ್ತವೆ. ಪದೇ ಪದೇ ಬೀಳುವ ದುಃಸ್ವಪ್ನಗಳು ಆತ್ಮಹತ್ಯೆಯ ಆಲೋಚನೆಯೊಡನೆ ಸಂಬಂಧ ಹೊಂದಿವೆಯೆಂದು ಅಧ್ಯಯನಗಳು ತೋರಿಸಿರುವುದರಿಂದ, ಇದನ್ನು ಬರಿಯ ಕನಸೆಂದು ತಳ್ಳಿಹಾಕುವಂತಿಲ್ಲ.

ಚಿಕ್ಕೋಡಿ, ಅಥಣಿಯ ಕಡೆಯ ಮನೆಗಳಲ್ಲಿ ಈ ನೋವು ಹೊರಬೀಳುವುದಾದರೆ ದೇಹದ ದೂರಾಗಿ ಹೊರಬೀಳುತ್ತದೆ. 'ನಿದ್ದಿ ಹತ್ತವಲ್ದು', 'ಎದಿ ಹೊಡಕೋತದ' ಎಂಬ ಮಾತುಗಳಾಚೆ ಅದು ಹೋಗುವುದು ವಿರಳ. ದಂಡಿನಿಂದ ಬಂದವನು ಗಟ್ಟಿಗನೆಂಬುದು ಊರ ನಂಬಿಕೆ. ಆ ನಂಬಿಕೆಗೆ ಮುಕ್ಕಾಗಬಾರದೆಂಬುದು ಅವನ ಹಟ. ಸಿಯಾಚಿನ್ ಹಿಮದಡಿಯಲ್ಲಿ ಆರು ದಿನ ಹುದುಗಿದ್ದು ಜೀವಂತವಾಗಿ ದೊರೆತ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿ 11ರಂದು ತೀರಿಕೊಂಡಾಗ ನಾಡೇ ಕಣ್ಣೀರಿಟ್ಟಿತು. ಆ ಕಣ್ಣೀರು ಯೋಗ್ಯವಾದದ್ದು. ಆದರೆ ಅಂಥದೇ ಹಿಮದಲ್ಲಿ ಕಾವಲು ಕಾದು, ಗೆಳೆಯರನ್ನು ಅಗೆದು ತೆಗೆದು, ಅವಧಿ ಮುಗಿಸಿ ಮನೆ ಸೇರಿದವರನ್ನು ಕುರಿತು ಯಾರೂ ವಿಚಾರಿಸುವುದಿಲ್ಲ. ವೀರಗಲ್ಲಿನ ಹಳೆಯ ನಿಯಮ ಇನ್ನೂ ನಡೆಯುತ್ತಿದೆ.

ಶಲ್ಯ ಮತ್ತು ಅದನ್ನು ಕೀಳುವ ಕೈ

ಈ ಸ್ಥಿತಿಗೆ ಹಳೆಯ ಭಾಷೆಯಲ್ಲಿ ಹೆಸರಿರಲಿಲ್ಲವೆನ್ನುವಂತಿಲ್ಲ. 'ಶಲ್ಯ' ಎಂದರೆ ಬಾಣ ಕಿತ್ತ ಮೇಲೂ ಮೈಯೊಳಗೆ ಮುರಿದು ಉಳಿದ ಅಲಗು. ಮನಸ್ಸನ್ನೂ ದೇಹವನ್ನೂ ಬಾಧಿಸುವುದು ಶಲ್ಯ, ಅದನ್ನು ಹೊರತೆಗೆಯುವ ಸಾಧನವೇ ಯಂತ್ರ ಎಂದು ಸುಶ್ರುತಸಂಹಿತೆ ಹೇಳುತ್ತದೆ. ಶಸ್ತ್ರಚಿಕಿತ್ಸೆಗೆ ಶಲ್ಯತಂತ್ರವೆಂಬ ಹೆಸರು ಬಂದದ್ದು ಇದರಿಂದಲೇ. ರಣರಂಗದ ಈ ಪದವನ್ನು ಜೈನ ಆಚಾರ್ಯರು ಅಂತರಂಗಕ್ಕೆ ತಂದರು. ಶಲ್ಯವಿಲ್ಲದವನನ್ನೇ ವ್ರತಿಯೆಂದು ತತ್ತ್ವಾರ್ಥಸೂತ್ರ ಗುರುತಿಸುತ್ತದೆ. ಮುಳ್ಳು ಒಳಗಿರುವವರೆಗೆ ಮೇಲಿನ ಆಚರಣೆಗಳು ಗಾಯವನ್ನು ಮಾಯಿಸಲಾರವು.

ಬಾಹುಬಲಿಯ ಕಥೆಯ ತಿರುಳು ಇಲ್ಲಿಯೇ ಇದೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದವನು ಗೆಲುವನ್ನೇ ತೊರೆದು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಲ್ಲುತ್ತಾನೆ. ಬಳ್ಳಿ ಹಬ್ಬಿದರೂ, ಹುತ್ತ ಬೆಳೆದರೂ ಕೇವಲಜ್ಞಾನ ದೊರೆಯುವುದಿಲ್ಲ. ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಸಂಕ್ಲೇಶ ಉಳಿದಿತ್ತೆಂದು ಜಿನಸೇನರ ನಿರೂಪಣೆ. ಭರತನ ನೆಲದ ಮೇಲೆ ನಿಂತಿದ್ದೇನೆಂಬ ಶಲ್ಯವೆಂದು ಜನಪ್ರಿಯ ಕಥನ. ಎರಡರಲ್ಲಿಯೂ ಒಂದು ಅಂಶ ಸಮಾನವಾದದ್ದು. ಅಷ್ಟು ದೊಡ್ಡ ತಪಸ್ವಿಗೂ ಆ ಮುಳ್ಳು ತಾನಾಗಿ ಕಳಚಲಿಲ್ಲ; ಭರತನು ಬಂದು ಎದುರು ನಿಂತು ನಮಿಸಿದಾಗ ಅದು ಕಳಚಿತು. ಕಾಳಗದ ಇನ್ನೊಂದು ಬದಿಯಲ್ಲಿದ್ದವನು ಬರಬೇಕಾಯಿತು. ಈ ಮೂರ್ತಿಯನ್ನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಚಾವುಂಡರಾಯನು ಅನೇಕ ಕಾಳಗಗಳನ್ನು ಕಂಡ ದಂಡನಾಯಕನಾಗಿದ್ದನೆಂಬುದೂ ಸ್ಮರಣೀಯ.

ಶಾಸನಗಳಲ್ಲಿಯೂ ಒಂದು ಅಪರೂಪದ ಅಪವಾದವಿದೆ. 949ರ ತಕ್ಕೋಲ ಕಾಳಗದಲ್ಲಿ ಗಂಗರ ಬೂತುಗನ ಪರವಾಗಿ ಕಾದಿ ಮೆಚ್ಚುಗೆ ಪಡೆದ ಮಣಲೇರನೆಂಬ ಯೋಧನಿಗೆ ಬೇಕಾದ್ದನ್ನು ಕೇಳೆಂದು ಒಡೆಯ ಹೇಳಿದಾಗ, ಅವನು ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದು ಕಟ್ಟಳೆಯನ್ನೂ ಬರೆಸಿದರು. ಆತಕೂರಿನ ಈ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಹಾಯುದ್ಧದಿಂದ ಬದುಕಿ ಬಂದವನೊಬ್ಬನ ಅಕ್ಕರೆಯ ಗುರುತು ಕಲ್ಲಿನಲ್ಲಿ ಉಳಿದದ್ದು ಹೀಗೆ, ನಾಯಿಯೊಂದರ ನೆಪದಲ್ಲಿ.

ಇಂದಿನ ಮಾಜಿ ಸೈನಿಕನಿಗೆ ನೆಪಗಳ ಅಗತ್ಯವಿಲ್ಲ. 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ಜಾರಿಯಲ್ಲಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲಿಯೂ ಉತ್ತರಿಸುತ್ತದೆ. ಚಿಕಿತ್ಸೆಯೂ ಉಂಟು. ಕನಸನ್ನು ಹಗಲಿನಲ್ಲಿ ಬರೆದು, ಅದರ ಕೊನೆಯನ್ನು ತಾನೇ ಬದಲಿಸಿ, ಬದಲಾದ ಕನಸನ್ನು ಎಚ್ಚರದಲ್ಲಿ ಮನಸ್ಸಿನೊಳಗೆ ಅಭ್ಯಾಸ ಮಾಡುವ ಪದ್ಧತಿ ಅನೇಕರಿಗೆ ಫಲ ಕೊಟ್ಟಿದೆ. ಅದೇ ಉದ್ದೇಶಕ್ಕೆ ಬಹಳ ಕಾಲ ಬಳಸಿದ ಪ್ರಾಜೋಸಿನ್ ಔಷಧ, 304 ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಗುಳಿಗೆಯೊಂದೇ ಸಾಲದು, ಕೇಳುವ ಕಿವಿಯೂ ಬೇಕೆಂಬುದನ್ನು ಈ ಎರಡು ಸಂಗತಿಗಳು ಸೂಚಿಸುತ್ತವೆ.

ಯೋಧನ ಕನಸು ಫಲವನ್ನು ಕೇಳುವುದಿಲ್ಲ. ಅದು ಮುಂದಾಗುವುದನ್ನು ಹೇಳಲು ಬಂದದ್ದಲ್ಲ, ಆಗಿಹೋದದ್ದನ್ನು ಹೇಳಲು ಬಂದದ್ದು. ಆದುದರಿಂದ ಅದಕ್ಕೆ ವ್ಯಾಖ್ಯಾನಕಾರನಿಗಿಂತ ಸಂಜಯನಂಥ ಜೊತೆಗಾರ ಬೇಕು, ಎದುರು ಬಂದು ನಿಲ್ಲುವ ಭರತ ಬೇಕು. ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿ ಮಧ್ಯರಾತ್ರಿ ಬೆಚ್ಚಿ ಎದ್ದು ಅಂಗಳದ ಕಟ್ಟೆಯ ಮೇಲೆ ಕುಳಿತ ಮುದುಕನ ಬಳಿಗೆ ಮನೆಯವರಲ್ಲೊಬ್ಬರು ಹೋಗಿ, ಏನು ಕಂಡೆಯೆಂದು ಕೇಳಿ, ಕೊನೆಯವರೆಗೆ ಆಲಿಸಿದರೆ, ಸಾವಿರ ವರ್ಷಗಳ ವೀರಗಲ್ಲುಗಳು ಬಿಟ್ಟುಹೋದ ಒಂದು ಹಂತವನ್ನು ಕೊರೆದಂತಾಗುತ್ತದೆ.